ನೋವು ಬರೆಯುವ ಪುಸ್ತಕ

ಮೂರೇ ಮೆಟ್ಟಿಲು. ಶೈಲಾ ಬಲಗಾಲು ಊರಲಿಲ್ಲ. ಗೋಡೆ ಹಿಡಿದು, ಕಾಲೆಳೆದುಕೊಂಡು ಹತ್ತಿದಳು.

"ಏನಾಗೇತಿ ಕಾಲಿಗೆ?"

"ಏನೂ ಇಲ್ಲಕ್ಕಾ. ಸುಮ್ನ ಹಿಡ್ಕೊಂಡೈತಿ."

ಶೈಲಾ ನನ್ನ ತಂಗಿ, ಕಬಡ್ಡಿ ಆಟಗಾರ್ತಿ. ಹವ್ಯಾಸಕ್ಕಲ್ಲ, ಸಂಬಳಕ್ಕೆ ಆಡುವವಳು. ಒಂದು ಲೀಗ್ ತಂಡ ಅವಳನ್ನು ಒಪ್ಪಂದದ ಮೇಲೆ ತೆಗೆದುಕೊಂಡಿತ್ತು. ಕ್ಯಾಂಪು, ಹಾಸ್ಟೆಲು ಎಲ್ಲ ಧಾರವಾಡದಲ್ಲೇ. ಭಾನುವಾರ ಮಾತ್ರ ನನ್ನ ಬಾಡಿಗೆ ಮನೆಗೆ ಬರುತ್ತಿದ್ದಳು. ನಾನು ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಷೀನ್ ನಡೆಸುತ್ತೇನೆ.

ಆ ದಿನ ಎರಡು ರೊಟ್ಟಿ ಹಾಕಿದೆ. ಅರ್ಧ ತಿಂದು ತಾಟು ಸರಿಸಿದಳು. ಮಂಗಳವಾರ ತೂಕ ನೋಡುತ್ತಾರಂತೆ. ಒಂದು ಕಿಲೋ ಹೆಚ್ಚಾದರೂ ಹೊರಗೆ ಕೂರಿಸುತ್ತಾರಂತೆ. ನಾನು ಬೈದೆ, ಅವಳು ನಕ್ಕಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಗುರುವಾರ ತಂಡದ ಕ್ಯಾಪ್ಟನ್ ಕಾವೇರಿಯ ಫೋನು. "ಅಕ್ಕಾ, ಲಗೂ ಬರ್ರಿ. ಶೈಲಾಗ ನಿಲ್ಲಾಕ ಆಗವಲ್ದು."

ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದೆವು. ಆಟೋದಿಂದ ಇಳಿಸುವಾಗ ಎಡಗೈಯಿಂದಲೇ ಹಿಡಿದುಕೊಂಡೆ. ನನ್ನ ಬಲ ಮಣಿಕಟ್ಟು ನೋಯುತ್ತಿತ್ತು, ಅದರ ಕಥೆ ಬೇರೆ, ಆಮೇಲೆ ಹೇಳುತ್ತೇನೆ. ಎಂಆರ್‌ಐ ನೋಡಿದ ಡಾಕ್ಟರಮ್ಮ ಹೇಳಿದರು, "ಇದು ಬಿದ್ದು ಮುರದದ್ದಲ್ಲರಿ. ಸ್ಟ್ರೆಸ್ ಫ್ರಾಕ್ಚರ್. ಎಲುಬು ದಿನಾ ಪೆಟ್ಟು ತಿಂದು ಬಿರುಕು ಬಿಟ್ಟೈತಿ, ಕೂಡಾಕ ಪುರುಸೊತ್ತು ಸಿಕ್ಕಿಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದರು, "ತಿಂಗಳದ್ದು ಸರಿಯಾಗಿ ಬರಾಕತ್ತೈತೇನವಾ?"

ಹನ್ನೊಂದು ತಿಂಗಳಿಂದ ಬಂದಿರಲಿಲ್ಲ.

ಒಂದೇ ಕೌದಿ ಹೊದ್ದು ಬೆಳೆದವರು ನಾವು. ನನಗೆ ಗೊತ್ತಿರಲಿಲ್ಲ. "ಪಿರಿಪಿರಿ ತಪ್ಪಿತು, ಛಲೋನ ಆತು ಅನ್ಕೊಂಡಿದ್ದೆ" ಅಂದಳು ಹುಚ್ಚಿ. ಹೊಟ್ಟೆಗೆ ಸಾಲದಾದಾಗ ದೇಹ ಮೊದಲು ಮುಟ್ಟು ನಿಲ್ಲಿಸುತ್ತದೆ, ಆಮೇಲೆ ಎಲುಬು ಸವೆಯತೊಡಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹೊಟ್ಟೆ ತುಂಬ ಊಟ. ಮೂರು ತಿಂಗಳು ಆಟವಿಲ್ಲ.

ಮೂರು ತಿಂಗಳು ಅಂದ ಕೂಡಲೇ ಶೈಲಾ ಅತ್ತುಬಿಟ್ಟಳು. ಮೂರು ವಾರ ಆಡದಿದ್ದರೆ ತಂಡದಿಂದ ತೆಗೆಯಬಹುದು ಎಂದು ಒಪ್ಪಂದದಲ್ಲೇ ಇತ್ತು. "ಎಲುಬು ಕೂಡತೈತಕ್ಕಾ. ನನ್ನ ಜಾಗಾ ಮತ್ತ ಸಿಗೂದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ನೇರ ಕ್ಯಾಂಪಿಗೆ ಹೋಗಿ ತಂಡದ ಮ್ಯಾನೇಜರ್ ಎದುರು ನಿಂತೆ. "ನಮ್ಮ ಕಾರ್ಖಾನ್ಯಾಗ ಗಾಯ ಆದ್ರ ಬರಿಯಾಕ ಒಂದು ಪುಸ್ತಕ ಐತ್ರಿ. ಬರದ್ರ ಔಷಧದ ಖರ್ಚು ಅವರದು, ಕೆಲಸಾನೂ ಹೋಗೂದಿಲ್ಲ. ನಿಮ್ಮ ಪುಸ್ತಕ ತೋರಿಸ್ರಿ."

ಅವರು ನಕ್ಕರು. "ಇದು ಆಟರಿ ಅಕ್ಕಾರ, ಕಾರ್ಖಾನಿ ಅಲ್ಲ. ಹುಡುಗ್ಯಾರು ಒಬ್ಬರೂ ನೋವು ಅಂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಕಾವೇರಿ ಎಲ್ಲ ಕೇಳಿಸಿಕೊಂಡಳು. ಮೂರು ದಿನ ಬಿಟ್ಟು ಮನೆಗೆ ಬಂದಳು, ಕೈಯಲ್ಲಿ ಇನ್ನೂರು ಪುಟದ ನೋಟುಬುಕ್ಕು. "ಹಾಸ್ಟೆಲ್‌ನ್ಯಾಗ ಇಟ್ಟಿದ್ದೆರಿ ಅಕ್ಕಾ. ಎಲ್ಲಾರೂ ತಮ್ಮ ತಮ್ಮದು ಬರದಾರ."

ಶೈಲಾಳನ್ನು ನನ್ನ ಮನೆಗೇ ಕರೆತಂದಿದ್ದೆ. ಅವಳ ಹಾಸಿಗೆಯ ಮೇಲೆ ಕುಳಿತು ಓದಿದೆ.

"ಕಿರುಬೆರಳು ಮುರಿದಿತ್ತು. ಪಕ್ಕದ ಬೆರಳಿಗೆ ಟೇಪು ಸುತ್ತಿ ಫೈನಲ್ ಆಡಿದೆ." "ತಲೆ ಮ್ಯಾಟಿಗೆ ಬಡಿಯಿತು. ಎರಡು ದಿನ ಎಲ್ಲ ಎರಡೆರಡು ಕಂಡಿತು. ಹೇಳಲಿಲ್ಲ." ಕಾವೇರಿಯ ಭುಜ ಆಗಾಗ ಕೀಲು ತಪ್ಪುತ್ತದಂತೆ, ಬಚ್ಚಲಿಗೆ ಹೋಗಿ ತಾನೇ ಕೂರಿಸಿಕೊಳ್ಳುತ್ತಾಳಂತೆ. ಇನ್ನೊಂದು ಪುಟದಲ್ಲಿ, "ಎಂಟು ತಿಂಗಳಿಂದ ಮುಟ್ಟಾಗಿಲ್ಲ." ಅದರ ಕೆಳಗೆ ಬೇರೆ ಅಕ್ಷರ, "ನನಗೂ." ಅದರ ಕೆಳಗೆ ಮತ್ತೊಂದು, "ನನಗೂ. ನನಗೊಬ್ಬಳಿಗೇ ಅಂದುಕೊಂಡಿದ್ದೆ."

ಪುಸ್ತಕ ಮುಚ್ಚಿದೆ.

ಇವರಿಗೇನಾ ನಾನು ಗ್ಯಾಲರಿಯಲ್ಲಿ ಕುಳಿತು ಸೀಟಿ ಹೊಡೆದದ್ದು? ಎದುರಾಳಿಯ ತಲೆಯ ಮೇಲಿಂದ ಹಾರಿ ಗೆರೆ ಮುಟ್ಟಿದ ಆ ಹುಡುಗಿ ಅವತ್ತು ಏನೇನು ಹೊತ್ತುಕೊಂಡು ಹಾರಿದ್ದಳೋ! ಹೆಮ್ಮೆ, ಸಂಕಟ, ಬೆರಗು ಒಟ್ಟೊಟ್ಟಿಗೇ ಬಂದವು.

"ನೀವೇನು ಮನುಷ್ಯಾರೇನವಾ!" ಅಂದೆ.

"ಆಡಬೇಕಿತ್ತಲ್ರಿ ಅಕ್ಕಾ" ಅಂದಳು ಕಾವೇರಿ, ಇಷ್ಟೇ ಎಂಬಂತೆ.

ಮರುದಿನ ಆ ಪುಸ್ತಕ ಮ್ಯಾನೇಜರ್ ಮೇಜಿನ ಮೇಲಿತ್ತು. ದಿನಾ ಮ್ಯಾಟು ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಹೋಗುವ ಹುಡುಗಿಯರು ಅಂದು ಗೆರೆಯ ಹೊರಗೇ ಕುಳಿತರು. ಶೈಲಾಳನ್ನು ತೆಗೆಯುವುದಾದರೆ ನಮ್ಮನ್ನೂ ತೆಗೆಯಿರಿ ಎಂದರು. ಮೂರನೇ ದಿನ ಮ್ಯಾನೇಜರೇ ಬಂದು ಅವರ ಜೊತೆ ನೆಲಕ್ಕೆ ಕುಳಿತರಂತೆ. ಪುಸ್ತಕ ಪೂರ್ತಿ ಓದಿದ್ದರು. ನಗಲಿಲ್ಲವಂತೆ.

ಎಲ್ಲವೂ ಸಿಗಲಿಲ್ಲ. ತೂಕದ ಯಂತ್ರ ಇನ್ನೂ ಇದೆ. ಆದರೆ ಮೂರು ವಾರದ ಮಾತು ಒಪ್ಪಂದದಿಂದ ಹೋಯಿತು. ವಾಸಿಯಾಗುವವರೆಗೆ ಶೈಲಾಳ ಜಾಗ ಶೈಲಾಳದ್ದೇ, ಚಿಕಿತ್ಸೆ ತಂಡದ್ದು.

ಒಂಬತ್ತನೇ ವಾರ ಬಚ್ಚಲಿನಿಂದ ಕೂಗಿದಳು, "ಅಕ್ಕಾ! ಬಂತು!" ಓಣಿಗೆಲ್ಲ ಕೇಳಿಸಿರಬೇಕು, ಕೇಳಲಿ. ನಾನು ಗೋದಿ, ಬೆಲ್ಲ ಹಾಕಿ ಮಾದಲಿ ಮಾಡಿದೆ. ಮುಂದಿನ ವಾರ ಎಕ್ಸ್‌ರೇಯಲ್ಲಿ ಬಿರುಕಿನ ಸುತ್ತ ಬೆಳ್ಳಗೆ ಹೊಸ ಎಲುಬು ಕಂಡಿತು. ಉಣ್ಣಲು ಕೊಟ್ಟು ಸುಮ್ಮನಿದ್ದದ್ದಕ್ಕೆ ದೇಹ ತಾನೇ ಕಟ್ಟಿಕೊಂಡಿತ್ತು. ಆ ಫಿಲ್ಮನ್ನು ಕಿಟಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ.

ಆ ಸಂಜೆಯೇ ಶೈಲಾ ಕೇಳಿದಳು, "ಎಡಗೈಲೆ ಯಾಕ ರೊಟ್ಟಿ ಬಡ್ಯಾಕತ್ತೀ?"

ಈಗ ನನ್ನ ಮಣಿಕಟ್ಟಿನ ಕಥೆ. ನಮ್ಮ ಗೇಟಿನಲ್ಲಿ ಒಂದು ಬೋರ್ಡಿದೆ, 'ಅಪಘಾತವಿಲ್ಲದ ದಿನಗಳು'. ನೂರೈವತ್ತು ತುಂಬಿದರೆ ಎಲ್ಲರಿಗೂ ಪೇಢೆ. ನೂರಾ ನಲವತ್ತನೆಯ ದಿನ ಲೋಹದ ಟ್ರೇ ನನ್ನ ಕೈಮೇಲೆ ಬಿತ್ತು. ಸುತ್ತಲಿದ್ದವರೆಲ್ಲ ನನ್ನ ಮುಖ ನೋಡಿದರು. "ಏನೂ ಆಗಿಲ್ಲ" ಅಂದೆ. ಪೇಢೆಯನ್ನೂ ತಿಂದೆ. ಮ್ಯಾನೇಜರ್ ಎದುರು ಪುಸ್ತಕದ ಭಾಷಣ ಬಿಗಿದವಳು ನಾನೇ!

ಸೋಮವಾರ ಹೋಗಿ ಪುಸ್ತಕ ಕೇಳಿದೆ. ಸೂಪರ್‌ವೈಸರ್ ಮುಖ ಸಣ್ಣದಾಯಿತು. ಬರೆದೆ. ಅಕ್ಷರ ಸೊಟ್ಟಗಾದವು.

ಸಂಜೆ ಬೋರ್ಡಿನ ಮೇಲೆ ಸೊನ್ನೆ. ಎಲ್ಲರೂ ಶಪಿಸುತ್ತಾರೆಂದು ತಲೆ ತಗ್ಗಿಸಿ ಗೇಟು ದಾಟುತ್ತಿದ್ದೆ. ಪಕ್ಕದ ಮಷೀನಿನ ಮಂಜವ್ವ ಹಿಂದಿನಿಂದ ಬಂದು ಸೆರಗು ಜಗ್ಗಿದಳು.

"ಆ ಪುಸ್ತಕ ಎಲ್ಲಿ ಇಡ್ತಾರವಾ?" ಅಂದಳು. "ನಂದೂ ಒಂದು ಬರಿಯೂದೈತಿ."