ಪಿ.ಎಂ. ಮೇಡಂ ಸರ್ಕಾರ ಬಿದ್ದ ಭಾನುವಾರ

ಕಳೆದ ಭಾನುವಾರ ಬೆಳಗ್ಗೆ, ಗಣಪತಿ ದೇವಸ್ಥಾನದ ಕಾಂಪೌಂಡಿನಲ್ಲಿ, ನನ್ನ ಹೆಂಡತಿಯ ಸರ್ಕಾರ ಒಂದೇ ಒಂದು ವೋಟಿನಿಂದ ಬಿದ್ದುಹೋಯಿತು.

ನಗಬೇಡಿ. ದಿಲ್ಲಿಯಲ್ಲಿ ಬಿದ್ದರೆ ಮಾತ್ರ ಸರ್ಕಾರವೇ? ಬಾಣಸವಾಡಿಯ ನಮ್ಮ ಲೇಔಟಿನಲ್ಲಿ ಬಿದ್ದದ್ದೇನು, ತೆಂಗಿನಕಾಯಿಯೇ?

ಕಥೆ ಶುರುವಾದದ್ದು ಹೋದ ವರ್ಷ, ಅಂದರೆ ತೊಂಬತ್ತಾರರಲ್ಲಿ. ನಮ್ಮ ಲೇಔಟ್ ಸಂಘದ ಪದ್ಧತಿ ಥೇಟ್ ಪಾರ್ಲಿಮೆಂಟಿನದೇ. ಮನೆಗಳವರೆಲ್ಲ ಸೇರಿ ಏಳು ಜನರ ಕಮಿಟಿ ಆರಿಸುತ್ತೇವೆ. ಅಧ್ಯಕ್ಷರನ್ನು ಮಾತ್ರ ನಾವು ಆರಿಸುವುದಿಲ್ಲ. ಕಮಿಟಿಯಲ್ಲಿ ಬಹುಮತ ಯಾರ ಕಡೆಗಿದೆ ಎಂದು ನೋಡಿ, ಹಿರಿಯರಾದ ಶಾಮಣ್ಣನವರು ಅವರನ್ನು ಕರೆದು ಕೂರಿಸುತ್ತಾರೆ. (ಶಾಮಣ್ಣನವರು ರಿಟೈರ್ಡ್ ಹೆಡ್‌ಮಾಸ್ಟರ್. ನಮ್ಮ ಪಾಲಿನ ರಾಷ್ಟ್ರಪತಿ. ಅಧಿಕಾರ ಕಡಿಮೆ, ಗೌರವ ಜಾಸ್ತಿ.)

ಆ ಸಲ ಮೇಲಿನ ಕ್ರಾಸಿನವರು ಮೂವರು ಗೆದ್ದರು, ಕೆಳಗಿನ ಕ್ರಾಸಿನವರು ಮೂವರು. ಏಳನೆಯವರು ಮುನಿಯಪ್ಪನವರು; ಮನೆ ಕೆಳಗಿನ ಕ್ರಾಸಿನಲ್ಲೇ ಇದ್ದರೂ ಯಾವ ಗುಂಪಿಗೂ ಸೇರದವರು. ಲೇಔಟ್ ಆಗುವ ಮುಂಚೆ ಇದೇ ಜಾಗದಲ್ಲಿ ರಾಗಿ ಬೆಳೆದವರು, ಈಗ ನಮ್ಮ ಮನೆಯ ಓನರ್. ಒಂದು ಕ್ರಾಸಿನವರು ಹೇಳಿದ ಹೆಸರು ಇನ್ನೊಂದು ಕ್ರಾಸಿಗೆ ಆಗದು. ಎಲ್ಲರೂ ಕೂಗಾಡಿ ಸುಸ್ತಾದ ಮೇಲೆ ಮುನಿಯಪ್ಪನವರು ಬಾಯಿಬಿಟ್ಟರು.

“ನಮ್ ಬಾಡ್ಗೆ ಮನೆ ಸರೋಜಮ್ಮನ್ನ ಮಾಡ್ರಪ್ಪ. ನೀರು ಬಿಡೋನತ್ರ ಮಾತಾಡೋ ತಾಕತ್ತು ಇರೋದು ಆಯಮ್ಮೊಬ್ರಿಗೇ.”

ಸರೋಜ ಅಂದರೆ ನನ್ನ ಹೆಂಡತಿ. ನಾವಿರುವ ಕೆಳಗಿನ ಕ್ರಾಸಿನವರು ತಕ್ಷಣ ಹೂಂ ಅಂದರು. ಮೇಲಿನ ಕ್ರಾಸಿನ ರಾಜಶೇಖರ್ ಎದ್ದು ನಿಂತರು. “ಅವರು ಕಮಿಟಿ ಮೆಂಬರ್ರೇ ಅಲ್ವಲ್ರೀ!”

ಶಾಮಣ್ಣನವರು ಕನ್ನಡಕ ಸರಿಮಾಡಿಕೊಂಡರು. “ಮೊನ್ನೆ ನಮ್ ಮುಖ್ಯಮಂತ್ರಿಗಳು ದಿಲ್ಲಿಗೆ ಹೋಗಿ ಪ್ರಧಾನಿ ಆದ್ರಲ್ಲ, ಅವರು ಆಗ ಎಂ.ಪಿ. ಆಗಿದ್ರೇನ್ರೀ? ಆರು ತಿಂಗಳೊಳಗೆ ಆರಿಸ್ಕೊಂಡು ಬಂದ್ರೆ ಸಾಕು. ಸಂವಿಧಾನಕ್ಕೆ ಸರಿ ಅನ್ಸಿದ್ದು ನಮ್ ಲೇಔಟಿಗೆ ಆಗಲ್ವಾ?”

ರಾಜಶೇಖರ್ ಕೂತರು. ಕೆಳಗಿನ ಕ್ರಾಸಿನವರೊಬ್ಬರು ರಾಜೀನಾಮೆ ಕೊಟ್ಟು ಜಾಗ ಬಿಟ್ಟುಕೊಟ್ಟರು, ಸರೋಜ ನಿಂತು ಗೆದ್ದಳು. ಹಾಲು ಹಾಕುವ ಮುರುಗ ಅವತ್ತಿನಿಂದ ಅವಳನ್ನು ‘ಪಿ.ಎಂ. ಮೇಡಂ’ ಎಂದೇ ಕರೆಯತೊಡಗಿದ. (ನನಗೆ ಯಾವ ಖಾತೆಯೂ ಸಿಗಲಿಲ್ಲ. ತರಕಾರಿ ಹೆಚ್ಚುವುದು ಮೊದಲಿನಿಂದಲೂ ನನ್ನದೇ.)

ಈ ಬೇಸಿಗೆಯಲ್ಲಿ ನೀರಿಗೆ ತತ್ವಾರ ಬಂತು. ಮೇಲಿನ ಕ್ರಾಸಿನ ನಲ್ಲಿಗಳಲ್ಲಿ ಬುಸ್ ಎಂದು ಗಾಳಿ ಮಾತ್ರ. ಕಾರಣ ಎಲ್ಲರಿಗೂ ಗೊತ್ತಿತ್ತು. ಕೆಳಗಿನ ಕ್ರಾಸಿನ ಮನೆಗಳವರು ಪೈಪಿಗೇ ಮೋಟಾರ್ ಹಾಕಿ ನೀರು ಎಳೆಯುತ್ತಿದ್ದೆವು. ಎಲ್ಲಕ್ಕಿಂತ ದೊಡ್ಡ ಮೋಟಾರ್ ಯಾರದು? ಮುನಿಯಪ್ಪನವರದು.

“ಓನರ್ ಮೋಟ್ರಿಗೆ ಕೈ ಹಾಕ್ಬೇಡ್ವೇ. ಕುರ್ಚಿನೂ ಹೋಗತ್ತೆ, ಮನೆನೂ ಹೋಗತ್ತೆ,” ಎಂದೆ.

“ಓಟು ಹಾಕಿದೋರ ಮನೆಗೆ ಮಾತ್ರ ನೀರು ಬರೋದಾದ್ರೆ ನಾನ್ಯಾಕ್ರೀ ಬೇಕು?” ಎಂದಳು. “ಅವರವರ ಬಿಂದಿಗೆ ಅವರವರೇ ನೋಡ್ಕೊಳ್ಲಿ ಬಿಡಿ.”

ಪ್ರಧಾನಿಯ ಕೆಲಸ ಏನೆಂದು ನಾನು ಶಾಲೆಯಲ್ಲಿ ಪುಟಗಟ್ಟಲೆ ಉರು ಹೊಡೆದಿದ್ದೆ. ಇಷ್ಟು ಚೆನ್ನಾಗಿ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ.

ಪ್ಲಂಬರನ್ನು ಕರೆಸಿ ಮೊದಲು ನಮ್ಮ ಮನೆಯ ಮೋಟಾರ್ ಬಿಚ್ಚಿಸಿದಳು. ಆಮೇಲೆ ಮುನಿಯಪ್ಪನವರದು, ಕೊನೆಗೆ ಕ್ರಾಸಿನ ಉಳಿದೆಲ್ಲರದು. ಮೇಲಿನ ಕ್ರಾಸಿನಲ್ಲಿ ನೀರು ಬಂತು. ಮುನಿಯಪ್ಪನವರಿಗೆ ಸಿಟ್ಟು ಬಂತು. “ನಾನ್ ಕೂರ್ಸಿದೋಳು ನನ್ ನೀರಿಗೇ ಕೈ ಹಾಕ್ತೀಯೇನಮ್ಮ?” ಎಂದು ಗೇಟಿನಲ್ಲೇ ಕೂಗಿ, ಬೆಂಬಲ ವಾಪಸ್ ತೆಗೆದುಕೊಂಡರು.

ಭಾನುವಾರ ಸಭೆ ಸೇರಿತು. “ಬಹುಮತ ತೋರ್ಸಬೇಕಲ್ಲಮ್ಮ,” ಎಂದರು ಶಾಮಣ್ಣನವರು, ತೀರಾ ಸಂಕೋಚದಿಂದ. ಕೆಳಗಿನ ಕ್ರಾಸಿನ ಇಬ್ಬರು ಅವಳ ಪರ ಕೈ ಎತ್ತಿದರು. ಮೂರನೆಯ ಕೈ ಅವಳದೇ. ಅವಳು ಬಿಡಿಸಿಕೊಟ್ಟ ನೀರಿನಲ್ಲೇ ತಲೆಗೆ ಸ್ನಾನ ಮಾಡಿ ಬಂದಿದ್ದ ಮೇಲಿನ ಕ್ರಾಸಿನ ಮೂವರೂ ವಿರುದ್ಧ ಕೈ ಎತ್ತಿದರು! ಕೊನೆಯ ಕೈ ಮುನಿಯಪ್ಪನವರದು.

ಸರೋಜ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಸಂಘದ ರೂಮಿನ ಕೀ ಶಾಮಣ್ಣನವರ ಕೈಗಿಟ್ಟಳು. “ನಾನು ಇಳೀತೀನಿ. ಮೋಟ್ರು ಮಾತ್ರ ವಾಪಸ್ ಹಾಕ್ಬೇಡಿ,” ಎಂದು ಸೆರಗು ಸರಿಮಾಡಿಕೊಂಡು ನಡೆದಳು. ಸೋತವಳ ಹಿಂದೆ ನಡೆಯುತ್ತಿದ್ದ ನನ್ನ ಎದೆ ಯಾಕೆ ಅಷ್ಟು ಉಬ್ಬಿತ್ತೋ! ಎಷ್ಟೊಂದು ದೇಶಗಳಲ್ಲಿ ಒಬ್ಬರನ್ನು ಕುರ್ಚಿಯಿಂದ ಇಳಿಸಲು ಟ್ಯಾಂಕ್ ಬರಬೇಕು. ನಮ್ಮಲ್ಲಿ ದಿಲ್ಲಿಯಿಂದ ಬಾಣಸವಾಡಿಯವರೆಗೂ ಒಂದು ಕೈ ಎತ್ತಿದರೆ ಸಾಕು. ಇದು ಸಣ್ಣ ಮಾತೇನ್ರೀ?

ಸಂಜೆ ಬಾಗಿಲು ಬಡಿದವರು ಮುನಿಯಪ್ಪನವರು. ನಾನು ಬಾಗಿಲನ್ನು ಅರ್ಧ ಮಾತ್ರ ತೆರೆದೆ.

“ಮನೆ ಖಾಲಿ ಮಾಡಿ ಅನ್ನೋಕ್ ಬಂದೆ ಅನ್ಕೊಂಡ್ರಾ ಸ್ವಾಮಿ? ಓಟಿನ್ ಜಗಳ ಅಲ್ಲಿಗೇ ಮುಗೀತು. ಕಾಫಿ ಕೊಡಮ್ಮ.” ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತ ಹೇಳಿದರು: “ಮೋಟ್ರು ಹಾಕ್ಸೋಕ್ ಹೋದೆ ಕಣಮ್ಮ. ನಮ್ಮನೆಯೋಳೇ ಅಡ್ಡ ನಿಂತ್ಕೊಂಡ್ಬಿಟ್ಲು. ಸರೋಜಮ್ಮ ಬಿಚ್ಚಿಸಿದ್ದನ್ನ ಹಾಕಿದ್ರೆ ನೋಡಿ ಅಂದ್ಲು. ನನ್ ಮನೇಲೇ ನಿಂಗೆ ಬಹುಮತ!”

ಮರುದಿನ ಬೆಳಗ್ಗೆ ಮುರುಗ ಎಂದಿನಂತೆ ಗೇಟಿನಲ್ಲಿ ನಿಂತು ಕೂಗಿದ. “ಪಿ.ಎಂ. ಮೇಡಂ, ಹಾಲೂ!”

‘ಮಾಜಿ’ ಅಂತ ನಾನ್ಯಾಕೆ ತಿದ್ದಲಿ, ನೀವೇ ಹೇಳಿ?