ಬುಧವಾರದ ಗಾಡಿ

ಅಗ್ನಿಶಾಮಕ ಠಾಣೆಯ ಡ್ರೈವರಿಗೆ ಪೇಟೆಯವರು ಇಟ್ಟ ಅಡ್ಡಹೆಸರು ‘ಬುಧವಾರ’. ಪ್ರತಿ ಬುಧವಾರ ನೀರು ತುಂಬಿದ ಕೆಂಪು ಗಾಡಿಯನ್ನು ಪೇಟೆಯ ಇಕ್ಕಟ್ಟು ಗಲ್ಲಿಯಲ್ಲಿ ಈ ತುದಿಯಿಂದ ಆ ತುದಿಗೆ ಓಡಿಸುತ್ತಿದ್ದ. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಅಂಗಡಿಯವರು ಶಪಿಸುತ್ತಲೇ ಹಲಗೆ, ಬುಟ್ಟಿ, ಕುರ್ಚಿಗಳನ್ನು ಒಳಗೆಳೆದುಕೊಳ್ಳುತ್ತಿದ್ದರು.

ಠಾಣೆ ಶುರುವಾದಾಗ ಇದ್ದದ್ದು ಕೈಯಲ್ಲಿ ತಳ್ಳುವ ನೀರಿನ ಬಂಡಿ. ಬರಬರುತ್ತ ಗಾಡಿ ದೊಡ್ಡದಾಯಿತು, ಗಲ್ಲಿ ಜಗಲಿ-ಮೆಟ್ಟಿಲು ಚಾಚಿಕೊಂಡು ಸಣ್ಣದಾಯಿತು. ಬಾವಿಗೆ ಬಿದ್ದ ಹಸು ಎತ್ತಲು, ಲಿಫ್ಟಿನಲ್ಲಿ ಸಿಕ್ಕವರನ್ನು ಬಿಡಿಸಲು, ಉರುಳಿದ ಮರ ಕಡಿಯಲು ಠಾಣೆಯವರೇ ಬೇಕು. ಅವರಿಗೆ ದಾರಿ ಬಿಡುವುದು ಮಾತ್ರ ಯಾರಿಗೂ ಬೇಡ. ಒಮ್ಮೆ ಬೆಂಕಿ ಬಿದ್ದಾಗ ಗಾಡಿ ಗಲ್ಲಿಯ ಬಾಯಲ್ಲೇ ಸಿಕ್ಕಿಕೊಂಡಿತು, ಒಬ್ಬ ಮುದುಕ ಮನೆಯೊಳಗೇ ಸತ್ತ. ಸ್ಟೇರಿಂಗ್ ಹಿಡಿದಿದ್ದವನು ಇವನೇ. ಇನ್ನೊಂದು ಸಲ ಹಾಗಾಗಬಾರದೆಂದು ಹಠಕ್ಕೆ ಬಿದ್ದ; ಬುಧವಾರದ ಓಟ ಶುರುವಾದದ್ದು ಆಗಲೇ.

ಆ ಹಠದ ಬಿಸಿ ಮೊದಲು ತಟ್ಟಿದ್ದು ಸ್ವಂತ ತಂಗಿಗೆ. ಅವಳ ಹೊಲಿಗೆ ಅಂಗಡಿಯ ಮೆಟ್ಟಿಲು ಗಾಡಿಗೆ ಅಡ್ಡವಾಗಿತ್ತು. ಅವಳ ಗಂಡ ಕೈಯಾರೆ ಕಟ್ಟಿದ್ದ ಮೆಟ್ಟಿಲು ಅದು.

“ನಿಂದೇ ಬಿಟ್ರೆ ಬೇರೆಯವರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?” ಎಂದು ಒಡೆಸಿಯೇಬಿಟ್ಟ.

ತಂಗಿ ಮಾತು ಬಿಟ್ಟಳು. ಅಣ್ಣ ಎಂದು ಕರೆಯುವುದನ್ನೂ ಬಿಟ್ಟಳು. ಬುಧವಾರ ಗಾಡಿಯ ಸದ್ದಾದರೆ, “ಫೈರಿನವರು ಬಂದ್ರು” ಎಂದು ಗಂಡನಿಗೆ ಹೇಳಿ ಬೆನ್ನು ತಿರುಗಿಸುವಳು. ಅದು ಅವನ ಕಿವಿಗೂ ಬೀಳುತ್ತಿತ್ತು. ಆದರೂ ಒಂದು ಬುಧವಾರವನ್ನೂ ತಪ್ಪಿಸಲಿಲ್ಲ.

ಬುಧವಾರವಲ್ಲದ ಒಂದು ಮಧ್ಯಾಹ್ನ ಗಲ್ಲಿಯ ತುದಿಯ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಮೇಲಿನ ಮಹಡಿಯಲ್ಲಿ ಬಾಣಂತಿ, ಹಸುಗೂಸು. ಗಾಡಿ ಗಲ್ಲಿಗೆ ತಿರುಗಿದ್ದೇ ತಡ, ಅಂಗಡಿಯವರ ಕೈಗಳು ಯಾರೂ ಹೇಳದೆಯೇ ಹಲಗೆ ಎಳೆದುಕೊಂಡವು. ತಂಗಿ ಬಾಗಿಲಲ್ಲಿ ನಿಂತು ನೋಡಿದಳು: ಗಾಡಿಯ ಚಕ್ರ ತನ್ನ ಮೆಟ್ಟಿಲಿದ್ದ ಜಾಗದ ಮೇಲೆಯೇ ಹಾದುಹೋಯಿತು. ಮೆಟ್ಟಿಲಿದ್ದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಏಣಿಯಿಂದ ತಾಯಿ ಇಳಿದಳು, ಕೂಸು ಇನ್ನೊಬ್ಬರ ತೋಳಲ್ಲಿ ಕಿರುಚುತ್ತಿತ್ತು. ಅಣ್ಣನಿಗೆ ಇತ್ತ ನೋಡಲೂ ಪುರುಸೊತ್ತಿರಲಿಲ್ಲ.

ಮುಂದಿನ ಬುಧವಾರ ಅವನು ಗಲ್ಲಿಗೆ ತಿರುಗಿದಾಗ ತಂಗಿ ಕೊರಳಲ್ಲಿ ಟೇಪು ಹಾಕಿಕೊಂಡು ಬೀದಿಯಲ್ಲೇ ನಿಂತಿದ್ದಳು. ಎದುರಿನ ಪಾತ್ರೆ ಅಂಗಡಿಯವನು ಕುರ್ಚಿ ಬಿಟ್ಟೇಳಲು ಮೀನಮೇಷ ಎಣಿಸುತ್ತಿದ್ದ.

“ಏಳ್ರೀ ಮೇಲೆ,” ಎಂದಳು ತಂಗಿ. “ನಮ್ಮಣ್ಣನ ಗಾಡಿ ಬರ್ತಿದೆ.”