ಹಲಗೆಯ ಆ ತುದಿ ಹಿಡಿದವರು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಸುಳ್ಳು ಹೇಳುವುದಾಗಿದ್ದರೆ ನನ್ನ ಮರ್ಯಾದೆ ಉಳಿಯುವ ಹಾಗೆ ಹೇಳುತ್ತಿದ್ದೆ.

ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿ ನಾವು ಕೊಂಡದ್ದು ಹಳೇ ಕಲ್ಲಿನ ಮನೆ. ಅಡುಗೆಮನೆಯ ಒಂದು ಬಾಗಿಲು ತೆರೆದರೆ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು. ಆ ವರ್ಷ ಹಿತ್ತಲಲ್ಲಿ ಕುಂಬಳಕಾಯಿ, ಆಲೂಗೆಡ್ಡೆ ಹೇರಳವಾಗಿ ಬಂದಿದ್ದವು. ಕೆಳಗಿನ ತಂಪಿನಲ್ಲಿ ಶೆಲ್ಫ್ ಹಾಕಿ ಇಡೋಣವೆಂದುಕೊಂಡೆ. ಗಂಡ ದೂರದ ಗಣಿ ಕೆಲಸಕ್ಕೆ ಹೋಗಿದ್ದರು. ಪಕ್ಕದ ಬಡಾವಣೆ ಬ್ಲೇರ್ ಅಥಾಲ್‌ನಿಂದ ಗೆಳತಿ ಸವಿತಾ ತನ್ನ ಡ್ರಿಲ್ ತಂದಳು.

ಚಳಿಗಾಲ. ಬೇಗನೆ ಕತ್ತಲಾಯಿತು. ಕೆಳಗೆ ಒಂದೇ ಬಲ್ಬು. ಹಸಿ ಮಣ್ಣಿನ ವಾಸನೆ, ಅದರ ಜೊತೆ ಎಲ್ಲಿಂದಲೋ ಕೊಳೆತ ಸೇಬಿನದು... ಸೇಬು ನಾವು ಇಟ್ಟಿರಲೇ ಇಲ್ಲ.

ಕೊನೆಯ ಹಲಗೆ ಉದ್ದನೆಯದು. ಒಂದು ತುದಿ ಅವಳದು, ಇನ್ನೊಂದು ನನ್ನದು. ಸ್ಕ್ರೂ ಮುಗಿಯಿತು. ನನ್ನ ತುದಿಯನ್ನು ಸ್ಟೂಲಿನ ಮೇಲಿಟ್ಟು, “ತರ್ತೀನಿ ತಾಳೇ” ಎಂದು ಮೇಲೆ ಹೋದೆ. ಡ್ರಿಲ್ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಕ್ಕಿಲ್ಲ.

ವಾಪಸು ಅರ್ಧ ಮೆಟ್ಟಿಲು ಇಳಿದಿದ್ದೆ. ಸವಿತಾ ಗೋಡೆಗೆ ಮುಖ ಮಾಡಿಯೇ ಹೇಳುತ್ತಿದ್ದಳು:

“ಅನು, ಸ್ವಲ್ಪ ಮೇಲೆತ್ತೇ... ಹಾಂ, ಸಾಕು. ಹಾಗೇ ಹಿಡ್ಕೋ.”

ಹಲಗೆಯ ಆ ತುದಿಯಲ್ಲಿ ಯಾರೂ ಇರಲಿಲ್ಲ. ಆದರೂ ಅದು ಸ್ಟೂಲಿನಿಂದ ಮೆಲ್ಲಗೆ ಮೇಲೆದ್ದು... ನಿಂತಿತು.

ಬಲ್ಬು ಆರಿತು.

ನಾನು ಅವಳ ಹೆಸರೂ ಕರೆಯಲಿಲ್ಲ. ಮೇಲೋಡಿ, ಬಾಗಿಲೆಳೆದು, ಚಿಲಕ ಹಾಕಿದೆ. ಅವಳು ಒಳಗಿದ್ದಾಳೆಂದು ಗೊತ್ತಿದ್ದೂ ಹಾಕಿದೆ.

“ಅನೂ! ಲೈಟ್ ಹೋಯ್ತು ಕಣೇ!”

ಬಾಗಿಲಿಗೆ ಬೆನ್ನು ಒತ್ತಿ ಕೂತೆ. ಕೂಗಿದಳು, ಕೂಗಿದಳು... ಆಮೇಲೆ ಒಮ್ಮೆಲೇ ಸುಮ್ಮನಾದಳು. ಆ ಮೌನ ತಡೆಯಲಾಗದೆ ಕೊನೆಗೆ ಎದ್ದು ಚಿಲಕ ತೆಗೆದೆ.

ಸವಿತಾ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದಳು. ನನ್ನನ್ನು ಕಂಡು ತಿರುಗಿ ಕತ್ತಲನ್ನು ನೋಡಿದಳು.

“ನೀನು ಇಲ್ಲಿದ್ಯಾ? ಮತ್ತೆ... ನನ್ ಕೈ ಹಿಡ್ಕೊಂಡು ಇಲ್ಲೀತನಕ ಕರ್ಕೊಂಡ್ ಬಂದಿದ್ದು?”

ಅಡುಗೆಮನೆಗೆ ಕಾಲಿಟ್ಟು ಬಾಗಿಲ ಕಡೆ ತಿರುಗಿದಳು.

“ಬಾಗಿಲು ಯಾಕೆ ಹಾಕಿತ್ತು?”

“ಗಾಳಿಗೆ ಹಾಕ್ಕೊಂಡ್ಬಿಡ್ತು,” ಎಂದೆ. ನನ್ನ ಕೈ ಇನ್ನೂ ಚಿಲಕದ ಮೇಲೆಯೇ ಇತ್ತು. ಅವಳು ಅದನ್ನು ನೋಡಿದಳು. ಬ್ಯಾಗ್ ತೆಗೆದುಕೊಂಡು ಹೊರಟುಹೋದಳು.

ಆಮೇಲೂ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಗಂಡನಿಗೂ ಹೇಳಿಲ್ಲ. ಕೆಳಗೆ ಯಾರಿದ್ದರೋ ಇಂದಿಗೂ ತಿಳಿಯದು. ಆದರೆ ನಾನು ಮಾಡಿದ್ದನ್ನು ಅವರು ನೋಡಿದ್ದಾರೆ.